ಸ್ಲೋಕನ್ ಸರೋವರದ ದಂಡೆಯಲ್ಲಿ

೨೦೨೪ರ ಜೂನ್ ತಿಂಗಳಲ್ಲಿ ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬಂದೆ. ಊರಿಗೆ ಮರಳಿದ ಮೇಲೆ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಮಾಸ್ಟ್ರೇ, ನಯಾಗರಾ ನೋಡಿದಿರಾ?” ಇಲ್ಲ. ನಯಾಗರಾ ಆ ದೇಶದ ಪೂರ್ವ ಭಾಗದಲ್ಲಿದೆ. ಮಗಳಿರುವ ಕೆಲೋನಾ ಪಟ್ಟಣ ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ. ನಡುವೆ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ನಾನು ನೋಡಿ ಬಂದದ್ದು ಐನೂರು ಜನರ ಆಸುಪಾಸಿನ ಒಂದು ಹಳ್ಳಿಯನ್ನು. ಅದರ ಹೆಸರು ನ್ಯೂ ಡೆನ್ವರ್. ಹೀಗೆಂದರೆ ಕೇಳಿದವರಿಗೆ ನಿರಾಸೆಯಾಗುತ್ತದೆ. ಅಷ್ಟು ದೂರ ಹೋಗಿ ಹಳ್ಳಿ ನೋಡಿ ಬಂದವನ ಬುದ್ಧಿಯ ಬಗ್ಗೆ ಅನುಮಾನವೂ ಹುಟ್ಟುತ್ತದೆ.

ಆ ಹಳ್ಳಿಗೆ ಹೋಗಬೇಕೆಂದು ಹಟ ಹಿಡಿದವನು ನಾನೇ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ಹೊತ್ತು ಕಳೆಯಲು ಹತ್ತಿರದ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಓದಲು ಸಿಕ್ಕಿದ ಒಂದು ಸುದ್ದಿ ಮನಸ್ಸಿನಲ್ಲಿ ಉಳಿಯಿತು. ಆ ವರ್ಷದ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಪ್ರೀಮಿಯರ್ ಡೇವಿಡ್ ಈಬಿ ಅವರು ಪ್ರಾಂತದ ಶಾಸನಸಭೆಯಲ್ಲಿ ಎದ್ದು ನಿಂತು ಕ್ಷಮೆ ಕೇಳಿದ್ದರು. ಎಪ್ಪತ್ತು ವರ್ಷಗಳ ಹಿಂದೆ ತಂದೆತಾಯಿಯರಿಂದ ಕಿತ್ತು ತಂದು ನ್ಯೂ ಡೆನ್ವರಿನ ವಸತಿಶಾಲೆಯಲ್ಲಿ ಇಟ್ಟ ಮಕ್ಕಳಿಗಾಗಿ, ಈಗ ಅಜ್ಜ ಅಜ್ಜಿಯರಾಗಿರುವ ಆ ಮಕ್ಕಳ ಮುಂದೆ ಕೇಳಿದ ಕ್ಷಮೆ ಅದು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ನನಗೆ, ಒಂದು ಶಾಲೆಗಾಗಿ ಸರಕಾರ ತಲೆ ಬಗ್ಗಿಸಿದ್ದು ವಿಚಿತ್ರವಾಗಿ ಕಂಡಿತು.

“ಅಪ್ಪಾ, ಅದು ಬರೀ ಹಳ್ಳಿ. ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?” ಎಂದಳು ಮಗಳು. ಅಳಿಯ ಕಣ್ಣೂರಿನ ಕಡೆಯವನು, ಸಾಧು. “ಅಚ್ಛನ್ ಪರಞ್ಞಾಲ್ ಪೋಕಾಂ,” ಎಂದು ನಕ್ಕ. ಅಪ್ಪ ಹೇಳಿದರೆ ಹೋಗುವ. ಒಂಬತ್ತು ವರ್ಷದ ಮೊಮ್ಮಗಳಿಗೆ ಸರೋವರದಲ್ಲಿ ಈಜುವ ಆಸೆ. ಹೀಗೆ ಮೂರು ಓಟು ಬಿದ್ದು ಪ್ರಯಾಣ ನಿಶ್ಚಯವಾಯಿತು.

ಮೊಮ್ಮಗಳ ವಿಷಯ ಇಲ್ಲಿಯೇ ಹೇಳಬೇಕು. ಮಗಳು ನನ್ನೊಡನೆ ಕನ್ನಡ ಮಾತಾಡುತ್ತಾಳೆ. ಅಳಿಯ ತನ್ನ ಅಮ್ಮನೊಡನೆ ಫೋನಿನಲ್ಲಿ ಮಲಯಾಳ ಮಾತಾಡುತ್ತಾನೆ. ಇಬ್ಬರೂ ಪರಸ್ಪರ ಇಂಗ್ಲಿಷ್ ಮಾತಾಡುತ್ತಾರೆ, ಮಗುವಿನೊಡನೆಯೂ ಅದೇ. ಆ ಮನೆಯಲ್ಲಿ ಎರಡು ಭಾಷೆಗಳು ಜಗಳವಾಡದೆ ಮೂರನೆಯದಕ್ಕೆ ಜಾಗ ಬಿಟ್ಟುಕೊಟ್ಟಿವೆ. ನನ್ನನ್ನು ‘ಅಜ್ಜ’ ಎಂದು ಕರೆಯುತ್ತಾಳೆ. ಅವಳಿಗೆ ಬರುವ ಕನ್ನಡದಲ್ಲಿ ಮುಕ್ಕಾಲು ಪಾಲು ಅದೇ ಒಂದು ಶಬ್ದ.

ಕೆಲೋನಾದಿಂದ ಹೊರಟು ವರ್ನನ್ ದಾಟಿದರೆ ದಾರಿ ಮೊನಾಶಿ ಬೆಟ್ಟಗಳನ್ನು ಏರುತ್ತದೆ. ನಮ್ಮ ಘಟ್ಟದ ರಸ್ತೆಯಂತೆಯೇ ತಿರುವುಗಳು. ಆದರೆ ಬಳ್ಳಿ ಪೊದೆಗಳಿಲ್ಲ, ಬರೀ ನೆಟ್ಟಗೆ ನಿಂತ ಸೂಚಿಪರ್ಣದ ಮರಗಳು. ನೀಡಲ್ಸ್ ಎಂಬಲ್ಲಿ ಆರೋ ಸರೋವರ ಅಡ್ಡ ಬರುತ್ತದೆ. ಸೇತುವೆ ಇಲ್ಲ. ಕಾರುಗಳನ್ನು ಹೊತ್ತುಕೊಂಡು ಉಕ್ಕಿನ ಹಗ್ಗದ ಆಧಾರದಲ್ಲಿ ಆಚೆ ಈಚೆ ಹೋಗುವ ದೋಣಿಯಿದೆ. ನಮ್ಮ ಕಡೆ ಜಂಕಾರ್ ಎನ್ನುತ್ತೇವಲ್ಲ, ಅದೇ. ಸರಕಾರವೇ ನಡೆಸುತ್ತದೆ, ಬಾಡಿಗೆ ಇಲ್ಲ. ನಕಸ್ಪ್ ಎಂಬ ಪೇಟೆ ಕಳೆದು ಮತ್ತೆ ನಲವತ್ತೇಳು ಕಿಲೋಮೀಟರು ಹೋದ ಮೇಲೆ ಸ್ಲೋಕನ್ ಸರೋವರ ಕಂಡಿತು.

ಅದನ್ನು ಸರೋವರ ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಉದ್ದ ಸುಮಾರು ಮೂವತ್ತೊಂಬತ್ತು ಕಿಲೋಮೀಟರು, ಅಗಲ ಕಡಿಮೆ, ಆಳವೋ ಸಾವಿರ ಅಡಿಯ ಹತ್ತಿರ. ಎರಡು ಪರ್ವತಸಾಲುಗಳ ನಡುವೆ ನೀರು ತುಂಬಿದ ಕಣಿವೆ ಅದು. ಆಚೆ ದಂಡೆಯಲ್ಲಿ ರಸ್ತೆಯಿಲ್ಲ, ಊರಿಲ್ಲ. ೧೯೮೩ರಿಂದ ಅದೆಲ್ಲ ವಾಲ್‌ಹಾಲಾ ಎಂಬ ರಕ್ಷಿತ ಅರಣ್ಯ. ಜೂನ್ ತಿಂಗಳಲ್ಲಿಯೂ ಶಿಖರಗಳ ಮೇಲೆ ಹಿಮವಿತ್ತು. ಈಚೆ ದಂಡೆಯಲ್ಲಿ, ಬೆಟ್ಟದಿಂದ ಇಳಿಯುವ ಕಾರ್ಪೆಂಟರ್ ಹೊಳೆ ಸರೋವರಕ್ಕೆ ಸೇರುವಲ್ಲಿ ನ್ಯೂ ಡೆನ್ವರ್ ಇದೆ. ಒಂದು ಮುಖ್ಯ ಬೀದಿ, ನಾಲ್ಕೈದು ಅಂಗಡಿ, ಅಂಚೆ ಕಚೇರಿ, ಹೂದೋಟವಿರುವ ಮರದ ಮನೆಗಳು. ಬೀದಿ ನೇರವಾಗಿ ಇಳಿದು ನೀರಿನ ಎದುರು ನಿಲ್ಲುತ್ತದೆ.

ಊರು ಹುಟ್ಟಿದ್ದು ಬೆಳ್ಳಿಯಿಂದ. ೧೮೯೧ರಲ್ಲಿ ಈ ಬೆಟ್ಟಗಳಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. ಜನ ನುಗ್ಗಿ ಬಂದರು. ಮೊದಲು ಎಲ್ಡೊರಾಡೊ ಎಂದು ಹೆಸರಿಟ್ಟರು. ಮರುವರ್ಷ ಅಮೆರಿಕದ ಡೆನ್ವರಿನಂತೆ ದೊಡ್ಡ ಪಟ್ಟಣವಾಗಲಿ ಎಂಬ ಆಸೆಯಿಂದ ನ್ಯೂ ಡೆನ್ವರ್ ಮಾಡಿದರು. ಆಸೆ ಕೈಗೂಡಲಿಲ್ಲ. ೧೮೯೭ರಲ್ಲಿ ಕಟ್ಟಿದ ಬ್ಯಾಂಕಿನ ಕಟ್ಟಡ ಈಗ ವಸ್ತುಸಂಗ್ರಹಾಲಯ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೆಳ್ಳಿಯ ಕಥೆಯಲ್ಲ.

ಹೊಳೆಯ ಆಚೆ ಬದಿಗೆ ‘ಆರ್ಚರ್ಡ್’ ಎಂಬ ಜಾಗವಿದೆ. ಹಿಂದೆ ಹಣ್ಣಿನ ತೋಟವಾಗಿತ್ತು. ೧೯೪೧ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. ಮರುವರ್ಷ ಕೆನಡಾ ಸರಕಾರ ಪಶ್ಚಿಮ ಕರಾವಳಿಯಿಂದ ನೂರು ಮೈಲಿನ ಒಳಗಿದ್ದ ಜಪಾನೀ ಮೂಲದವರನ್ನೆಲ್ಲ ಎಬ್ಬಿಸಿತು. ಸುಮಾರು ಇಪ್ಪತ್ತೆರಡು ಸಾವಿರ ಜನ. ಅವರಲ್ಲಿ ಮುಕ್ಕಾಲು ಪಾಲು ಕೆನಡಾದಲ್ಲೇ ಹುಟ್ಟಿದವರು ಅಥವಾ ಅಲ್ಲಿನ ಪೌರತ್ವ ಪಡೆದವರು. ದೊಡ್ಡವರಿಗೆ ನೂರೈವತ್ತು ಪೌಂಡು, ಮಕ್ಕಳಿಗೆ ಎಪ್ಪತ್ತೈದು ಪೌಂಡು ಸಾಮಾನು ಒಯ್ಯಬಹುದು ಎಂದರು. ಮನೆ, ತೋಟ, ಮೀನಿನ ದೋಣಿ ಎಲ್ಲವನ್ನೂ ಕಾಪಾಡುತ್ತೇವೆಂದು ವಶಕ್ಕೆ ತೆಗೆದುಕೊಂಡ ಸರಕಾರ, ಕೇಳದೆಯೇ ಮಾರಿಬಿಟ್ಟಿತು. ಅವರಲ್ಲಿ ಸುಮಾರು ಒಂದೂವರೆ ಸಾವಿರ ಮಂದಿ ಬಂದಿಳಿದದ್ದು ಈ ಹಳ್ಳಿಯಲ್ಲಿ.

ಅವರಿದ್ದ ಗುಡಿಸಲುಗಳಲ್ಲಿ ಕೆಲವನ್ನು ಉಳಿಸಿ, ೧೯೯೪ರಲ್ಲಿ ಅಲ್ಲಿ ಒಂದು ಸ್ಮಾರಕ ಮಾಡಿದ್ದಾರೆ. ಈಗ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳ. ಒಂದು ಗುಡಿಸಲಿನ ಒಳಗೆ ಹೋದೆ. ಹದಿನಾಲ್ಕು ಅಡಿ ಅಗಲ, ಇಪ್ಪತ್ತೆಂಟು ಅಡಿ ಉದ್ದ. ನಡುವೆ ಅಡಿಗೆಯ ಜಾಗ, ಎರಡು ಬದಿಗೆ ಎರಡು ಕೋಣೆ, ಎರಡು ಸಂಸಾರ. ಹಸಿಮರದ ಹಲಗೆ ಒಣಗಿದಾಗ ಬಿರುಕು ಬಿಟ್ಟಿತು, ಹೊರಗೆ ಹೊದೆಸಿದ ಡಾಂಬರು ಕಾಗದ ಚಳಿ ತಡೆಯಲಿಲ್ಲ. ಮೊದಲ ಚಳಿಗಾಲದಲ್ಲಿ ಗೋಡೆಯ ಒಳಮೈಯಲ್ಲೇ ಮಂಜು ಗಟ್ಟಿಯಾಗುತ್ತಿತ್ತಂತೆ. ಪ್ರಾಂತ ಸರಕಾರ ಆ ಮಕ್ಕಳ ಶಾಲೆಯ ಖರ್ಚು ಕೊಡಲು ಒಪ್ಪಲಿಲ್ಲ. ಅಲ್ಲಿದ್ದ ವಿದ್ಯಾವಂತ ಹುಡುಗಿಯರೇ ಟೀಚರಾಗಿ ಸಣ್ಣ ಮಕ್ಕಳಿಗೆ ಪಾಠ ಹೇಳಿದರು. ಹೈಸ್ಕೂಲನ್ನು ಚರ್ಚಿನವರು ನಡೆಸಿದರು.

ನನಗೆ ಆಶ್ಚರ್ಯವಾದದ್ದು ಇನ್ನೊಂದು ವಿಷಯ. ಇಲ್ಲಿ ಮುಳ್ಳುತಂತಿ ಇರಲಿಲ್ಲ. ರಸ್ತೆಯಲ್ಲಿ ಪೊಲೀಸರಿದ್ದರು, ಊರು ಬಿಡಲು ಅನುಮತಿ ಬೇಕಿತ್ತು. ಉಳಿದದ್ದನ್ನು ಪರ್ವತಗಳೇ ನೋಡಿಕೊಂಡವು.

ಸ್ಮಾರಕದಲ್ಲಿ ಟಿಕೆಟು ಕೊಡುತ್ತಿದ್ದವರು ನನ್ನ ಪ್ರಾಯದ ಹೆಂಗಸು. ಅವರ ತಾಯಿ ಹುಡುಗಿಯಾಗಿದ್ದಾಗ ಈ ಕಣಿವೆಯಲ್ಲಿದ್ದರಂತೆ. ಯುದ್ಧ ಮುಗಿಯುತ್ತ ಬಂದಾಗ ಸರಕಾರ ಇವರ ಮುಂದೆ ಎರಡು ದಾರಿ ಇಟ್ಟಿತು: ರಾಕಿ ಪರ್ವತಗಳ ಪೂರ್ವಕ್ಕೆ ಹೋಗಿ, ಇಲ್ಲವೇ ಜಪಾನಿಗೆ ಹೋಗಿ. ಸುಮಾರು ನಾಲ್ಕು ಸಾವಿರ ಜನ ೧೯೪೬ರಲ್ಲಿ ಹಡಗು ಹತ್ತಿದರು. ಅವರಲ್ಲಿ ಜಪಾನನ್ನು ಎಂದೂ ಕಾಣದವರೂ ಇದ್ದರು. ಉಳಿದವರು ಪೂರ್ವದ ಪಟ್ಟಣಗಳಲ್ಲಿ ಚದುರಿಹೋದರು. ಕರಾವಳಿಗೆ ಮರಳಲು ಅನುಮತಿ ಸಿಕ್ಕಿದ್ದು ೧೯೪೯ರ ಎಪ್ರಿಲ್ ಒಂದರಂದು. ಅಷ್ಟರಲ್ಲಿ ಮರಳಲು ಮನೆ ಉಳಿದಿರಲಿಲ್ಲ. ನ್ಯೂ ಡೆನ್ವರಿನಲ್ಲಿ ಕ್ಷಯದ ಆಸ್ಪತ್ರೆ ಇದ್ದುದರಿಂದ ರೋಗಿಗಳೂ ಮುದುಕರೂ ಕೆಲವು ಸಂಸಾರಗಳೂ ಇಲ್ಲೇ ಉಳಿದವು.

“ನಿಮಗೆ ಜಪಾನೀ ಭಾಷೆ ಬರುತ್ತದೆಯೇ?” ಎಂದು ಕೇಳಿದೆ. ಮಾಸ್ತರಿಕೆಯ ಚಾಳಿ.

ಅವರು ತಲೆಯಲ್ಲಾಡಿಸಿದರು. “ಅಮ್ಮನಿಗೆ ಚೆನ್ನಾಗಿ ಬರುತ್ತಿತ್ತು. ನಮಗೆ ಕಲಿಸಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಅವಳೇ ಬಿಟ್ಟಳು.” ಸ್ವಲ್ಪ ತಡೆದು, “ಕೊನೆಗಾಲದಲ್ಲಿ ಅವಳು ಇಂಗ್ಲಿಷ್ ಮರೆತಳು. ಜಪಾನಿಯಲ್ಲಿ ಏನೇನೋ ಹೇಳುತ್ತಿದ್ದಳು. ನಾವು ಹತ್ತಿರ ಕೂತು ತಲೆಯಲ್ಲಾಡಿಸುತ್ತಿದ್ದೆವು,” ಎಂದರು.

ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನತ್ತ ನೋಡಲಿಲ್ಲ. ನೋಡದೇ ಇದ್ದದ್ದು ನನಗೆ ಗೊತ್ತಾಯಿತು.

ಹೊರಗೆ ಬಂದು ಅವರೇ ಮಾಡಿದ ತೋಟದಲ್ಲಿ, ಬಿಳಿ ಜಲ್ಲಿಕಲ್ಲುಗಳ ನಡುವೆ ಕೂತೆವು. ಕೆನಡಾದ ಹೆಸರುವಾಸಿ ವಿಜ್ಞಾನಿ ಡೇವಿಡ್ ಸುಜುಕಿ ಬಾಲ್ಯದಲ್ಲಿ ಇದೇ ಕಣಿವೆಯ ಇನ್ನೊಂದು ಶಿಬಿರದಲ್ಲಿದ್ದವರು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಕಲಿತಿದ್ದ ಆ ಹುಡುಗನನ್ನು, ಜಪಾನೀ ಬರುತ್ತಿದ್ದ ಉಳಿದ ಮಕ್ಕಳು ಪೀಡಿಸುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಸರಕಾರದ ಕಣ್ಣಿಗೆ ಜಪಾನಿ, ಜಪಾನೀ ಮಕ್ಕಳ ಕಣ್ಣಿಗೆ ಪರಕೀಯ. ಈ ಕಥೆಯನ್ನು ಮಗಳಿಗೆ ಹೇಳಲು ಹೊರಟು ಸುಮ್ಮನಾದೆ.

ಸಂಜೆ ಸರೋವರದ ದಂಡೆಯಲ್ಲಿ ನಡೆಯುತ್ತ, ನಾನು ನೋಡಬೇಕೆಂದು ಬಂದಿದ್ದ ಶಾಲೆಯ ವಿಷಯ ಎತ್ತಿದೆ. ಆ ಮಕ್ಕಳು ಡುಖೊಬೊರ್ ಎಂಬ ರಷ್ಯನ್ ಪಂಥದವರು. ಯುದ್ಧಕ್ಕೆ ಹೋಗುವುದಿಲ್ಲವೆಂದು ೧೮೯೫ರಲ್ಲಿ ಆಯುಧಗಳನ್ನೆಲ್ಲ ರಾಶಿ ಹಾಕಿ ಸುಟ್ಟ ರೈತರು. ಮಾಂಸ ತಿನ್ನುವುದಿಲ್ಲ. ಅವರು ೧೮೯೯ರಲ್ಲಿ ಕೆನಡಾಕ್ಕೆ ಬರಲು ಟಾಲ್‌ಸ್ಟಾಯ್ ತನ್ನ ‘ಪುನರುತ್ಥಾನ’ ಕಾದಂಬರಿಯ ಹಣ ಕೊಟ್ಟಿದ್ದ. ಅವರಲ್ಲಿ ‘ಸ್ವಾತಂತ್ರ್ಯಪುತ್ರರು’ ಎಂಬ ಸಣ್ಣ ಗುಂಪು ಸರಕಾರಿ ಶಾಲೆಯನ್ನು ಒಪ್ಪಲಿಲ್ಲ. ಪ್ರತಿಭಟಿಸಲು ಬತ್ತಲೆ ಮೆರವಣಿಗೆ ಮಾಡಿದರು, ಕಟ್ಟಡಗಳಿಗೆ ಬೆಂಕಿಯಿಟ್ಟರು. ಹಟ ಎರಡೂ ಕಡೆ ಇತ್ತು. ಪೆಟ್ಟು ಬಿದ್ದದ್ದು ಮಕ್ಕಳಿಗೆ. ೧೯೫೩ರಿಂದ ಪೊಲೀಸರು ಮನೆಗಳಿಗೆ ನುಗ್ಗಿ ಮಕ್ಕಳನ್ನು ಹಿಡಿದು ತಂದರು. ಏಳರಿಂದ ಹದಿನೈದು ವರ್ಷದವರು, ಎಲ್ಲ ಸೇರಿ ಇನ್ನೂರರ ಆಸುಪಾಸು. ಅವರನ್ನು ಇಟ್ಟದ್ದು ಜಪಾನೀಯರಿಗಾಗಿ ಕಟ್ಟಿದ್ದ ಅದೇ ಕ್ಷಯದ ಆಸ್ಪತ್ರೆಯ ಕಟ್ಟಡದಲ್ಲಿ.

ಸುತ್ತ ತಂತಿಬಲೆಯ ಬೇಲಿ ಹಾಕಿದರು. ತಿಂಗಳಿಗೆ ಎರಡು ಭಾನುವಾರ, ಒಂದೊಂದು ಗಂಟೆ, ತಂದೆತಾಯಿ ಬೇಲಿಯ ಆಚೆ, ಮಕ್ಕಳು ಈಚೆ. ತಂತಿಯ ಕಣ್ಣಿನೊಳಗಿಂದ ಬೆರಳು ಮುಟ್ಟಿ, ತುಟಿ ತಾಗಿಸಿ ಮುತ್ತು ಕೊಡುತ್ತಿದ್ದರು. ರಷ್ಯನ್ ಮಾತಾಡಿದರೆ ಶಿಕ್ಷೆಯಾಗುತ್ತಿತ್ತೆಂದು ಆ ಮಕ್ಕಳು ದೊಡ್ಡವರಾದ ಮೇಲೆ ಹೇಳಿದ್ದಾರೆ. ಶಾಲೆಗೆ ಕಳಿಸುತ್ತೇವೆಂದು ತಂದೆತಾಯಿ ಒಪ್ಪಿದ ಮೇಲೆ, ೧೯೫೯ರಲ್ಲಿ ಬೇಲಿ ತೆರೆಯಿತು.

“ಶಾಲೆ ಹೀಗೂ ಒಂದು ಭಾಷೆಯನ್ನು ಕೀಳಬಹುದು ನೋಡು,” ಎಂದೆ.

ಮಗಳು ನಿಂತಳು. “ಅಪ್ಪಾ, ನನ್ನ ಶಾಲೆಗೆ ಬೇಲಿ ಇರ್ಲಿಲ್ಲ ಅಲ್ವಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರಿಸಬಹುದಿತ್ತು. ಓದುಗರು ಗಡಿನಾಡಿನವರು, ಅವರಿಂದ ಮುಚ್ಚಿಡುವುದು ಏನಿದೆ? ನಾನು ಕನ್ನಡ ಉಳಿಸಬೇಕೆಂದು ಸಭೆಗಳಲ್ಲಿ ಭಾಷಣ ಮಾಡಿದವನು. ಕನ್ನಡ ಡಿವಿಷನ್ ಉಳಿಯಬೇಕಾದರೆ ಮಕ್ಕಳು ಬೇಕೆಂದು ಜೂನ್ ತಿಂಗಳಿಗೆ ಮೊದಲು ಮನೆ ಮನೆ ಹತ್ತಿ ಇಳಿದವನು. ಹಾಗೆ ಹತ್ತಿ ಇಳಿದ ವರ್ಷವೇ ನನ್ನ ಮಗಳನ್ನು ಪೇಟೆಯ ಇಂಗ್ಲಿಷ್ ಮೀಡಿಯಮಿಗೆ ಸೇರಿಸಿದೆ. ಅವಳ ಅಮ್ಮ ಬೇಡವೆಂದಿದ್ದಳು. “ನಮಗೆ ಕೇರಳದಲ್ಲಿ ಕೆಲಸವಿಲ್ಲ, ಕರ್ನಾಟಕದಲ್ಲಿ ಲೆಕ್ಕವಿಲ್ಲ. ಅವಳಾದರೂ ಬದುಕಲಿ,” ಎಂದು ನಾನು ಹೇಳಿದ್ದೆ. ಆ ಮಾತು ಪೂರಾ ಸುಳ್ಳಾಗಿರಲಿಲ್ಲ. ಅವಳು ಬದುಕಿದ್ದಾಳೆ, ಚೆನ್ನಾಗಿಯೇ ಬದುಕಿದ್ದಾಳೆ. ಆದರೆ ಊರವರ ಮಕ್ಕಳಿಗೊಂದು ನ್ಯಾಯ, ನನ್ನ ಮಗಳಿಗೊಂದು ನ್ಯಾಯ ಮಾಡಿದವನು ನಾನು.

“ಅಮ್ಮ ಕೈಯಲ್ಲಿ ಬರೆದಿಟ್ಟ ಅಡಿಗೆ ಪುಸ್ತಕ ನನ್ನ ಹತ್ತಿರ ಉಂಟು,” ಎಂದಳು ಮಗಳು. “ಒಂದು ಪುಟ ಓದ್ಲಿಕ್ಕೆ ನನಗೆ ಅರ್ಧ ಗಂಟೆ ಬೇಕು. ಕೂಡಕ್ಷರ ಬಂದಲ್ಲಿ ನಿಲ್ತೇನೆ. ಹಾಗಿರುವಾಗ ಅವಳಿಗೆ ಎಂತ ಕಲಿಸ್ಲಿ?”

ಮೊಮ್ಮಗಳು ಮುಂದೆ ಅಪ್ಪನ ಕೈ ಹಿಡಿದು ನೀರಿಗೆ ಚಪ್ಪಟೆ ಕಲ್ಲು ಎಸೆಯುತ್ತಿದ್ದಳು. ಈ ಊರಿನ ವಿಷಯದಲ್ಲಿ ಸರಕಾರದ ಕಡೆಯಿಂದ ಕ್ಷಮೆ ಬಂದಿದೆ. ೧೯೮೮ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬ್ರಯಾನ್ ಮಲ್ರೋನಿ ಜಪಾನೀ ಮೂಲದವರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ ಇಪ್ಪತ್ತೊಂದು ಸಾವಿರ ಡಾಲರ್ ಕೊಡಿಸಿದರು. ೨೦೨೪ರಲ್ಲಿ ಡುಖೊಬೊರ್ ಮಕ್ಕಳ ಸರದಿ ಬಂತು, ಪ್ರಾಂತ ಸರಕಾರ ಒಂದು ಕೋಟಿ ಡಾಲರ್ ತೆಗೆದಿರಿಸಿತು. ಅಂಥ ಊರಿನ ದಂಡೆಯಲ್ಲಿ ನಿಂತು ಅಪ್ಪನೊಬ್ಬ ಮಗಳ ಹತ್ತಿರ ಹೇಳಬೇಕಾದ ಮಾತು ದೊಡ್ಡದೇನಲ್ಲ. ಆದರೂ ಗಂಟಲಿನಿಂದ ಹೊರಡಲು ಹೊತ್ತು ಹಿಡಿಯಿತು. “ತಪ್ಪಾಯಿತು ಮಗಳೇ,” ಎಂದೆ. ಅವಳು, “ಛೆ, ಹಾಗಲ್ಲ ಅಪ್ಪಾ,” ಎಂದು ನನ್ನ ಕೈ ಹಿಡಿದುಕೊಂಡಳು.

ನಮ್ಮ ಗಡಿನಾಡಿನ ದುಃಖವನ್ನು ಆ ಜನರ ದುಃಖದ ಪಕ್ಕ ಇಟ್ಟು ತೂಗುವುದು ಸರಿಯಲ್ಲ. ನಮ್ಮನ್ನು ಯಾರೂ ಮನೆಯಿಂದ ಎಬ್ಬಿಸಲಿಲ್ಲ, ತೋಟ ಮಾರಲಿಲ್ಲ, ಮಕ್ಕಳನ್ನು ಕಿತ್ತುಕೊಳ್ಳಲಿಲ್ಲ. ೧೯೫೬ರ ನವೆಂಬರ್ ಒಂದರಂದು ಗಡಿ ನಮ್ಮ ತಲೆಯ ಮೇಲಿನಿಂದ ದಾಟಿ ಹೋಯಿತು, ಅಷ್ಟೆ. ನಾನು ಆಗ ನಾಲ್ಕು ವರ್ಷದ ಹುಡುಗ. ಕನ್ನಡ ಶಾಲೆಗಳು ಉಳಿದವು. ಅಲ್ಲಿ ಕಲಿತೇ ನಾನು ಮಾಸ್ತರನಾದೆ. ಕಾಗದಪತ್ರ, ನೇಮಕಾತಿ, ಕಚೇರಿಯ ಕಿಟಕಿಗಳಲ್ಲಿ ನಮಗಾದ ಅನ್ಯಾಯ ನಿಜ. ಅದಕ್ಕಾಗಿ ಹೋರಾಡಬೇಕು. ಆದರೆ ನನ್ನ ಮನೆಯಲ್ಲಿ ಕನ್ನಡ ಸೋತದ್ದು ಕಚೇರಿಯ ಕಿಟಕಿಯಲ್ಲಿ ಅಲ್ಲ. ನನ್ನ ಊಟದ ಮಣೆಯ ಮೇಲೆ.

ಮರುದಿನ ಬೆಳಿಗ್ಗೆ ಮೊಮ್ಮಗಳೊಡನೆ ಮತ್ತೆ ದಂಡೆಗೆ ಹೋದೆ. ನೀರು ಅಲುಗಾಡದೆ ಇತ್ತು, ಆಚೆಯ ಹಿಮ ತಲೆಕೆಳಗಾಗಿ ಕಾಣುತ್ತಿತ್ತು. ಆಚೆ ದಂಡೆಯ ಬಂಡೆಗಳ ಮೇಲೆ ಕೆಂಪು ಬಣ್ಣದ ಹಳೆಯ ಚಿತ್ರಗಳಿವೆ. ಈ ಕಣಿವೆಯ ಮೂಲ ಜನ ಸಿನಿಕ್ಸ್ಟ್‌ರು ಬರೆದವು. ಸ್ಲೋಕನ್ ಎಂಬ ಹೆಸರೂ ಅವರ ಭಾಷೆಯದೇ. ಸಾಲ್ಮನ್ ಮೀನಿಗೆ ಈಟಿ ಹೊಡೆಯುವುದಕ್ಕೆ ಸಂಬಂಧಿಸಿದ ಮಾತೆಂದು ಹೇಳುತ್ತಾರೆ. ಕೆನಡಾ ಮತ್ತು ಅಮೆರಿಕದ ಗಡಿ ಅವರ ನಾಡಿನ ನಡುವೆ ಹಾದುಹೋಯಿತು. ಬೆಳ್ಳಿಯವರು ನುಗ್ಗಿದ ಮೇಲೆ ಹೆಚ್ಚಿನವರು ದಕ್ಷಿಣಕ್ಕೆ, ಅಮೆರಿಕದ ಕಡೆಗೆ ಸರಿದರು. ಕೆನಡಾದ ಪಟ್ಟಿಯಲ್ಲಿದ್ದ ಕೊನೆಯ ಹೆಂಗಸು ೧೯೫೩ರಲ್ಲಿ ತೀರಿಕೊಂಡಳು. ೧೯೫೬ರಲ್ಲಿ ಸರಕಾರ ಆ ಪಂಗಡ ನಿರ್ನಾಮವಾಗಿದೆಯೆಂದು ಬರೆದುಕೊಂಡಿತು. ನಮ್ಮ ವರ್ಷವೇ.

ನಿರ್ನಾಮವಾದವರು ಗಡಿಯ ಆಚೆ ಸಂಸಾರ ಹೂಡಿ ಬದುಕಿಯೇ ಇದ್ದರು. ೨೦೧೦ರಲ್ಲಿ ಅವರಲ್ಲೊಬ್ಬ, ರಿಕ್ ಡೆಸೊಟೆಲ್, ಗಡಿ ದಾಟಿ ಬಂದು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡಿ, ತಾನೇ ಅಧಿಕಾರಿಗಳಿಗೆ ತಿಳಿಸಿದ. ಕೇಸು ಹಾಕಿದರು. ‘ಇದು ನನ್ನ ಅಜ್ಜಂದಿರ ಕಾಡು’ ಎಂಬುದೇ ಅವನ ವಾದದ ತಿರುಳು. ಹನ್ನೊಂದು ವರ್ಷ ನಡೆದ ಮೇಲೆ, ೨೦೨೧ರ ಎಪ್ರಿಲಿನಲ್ಲಿ ಕೆನಡಾದ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು: ಗಡಿಯ ಆಚೆ ವಾಸಿಸುತ್ತಾರೆಂಬ ಕಾರಣಕ್ಕೆ ಒಂದು ನಾಡಿನ ಮೂಲಜನ ಆ ನಾಡಿಗೆ ಸಲ್ಲದವರಾಗುವುದಿಲ್ಲ. ಕಾಸರಗೋಡಿನವನಾದ ನಾನು ಆ ವಾಕ್ಯವನ್ನು ಎರಡು ಬಾರಿ ಓದಿಕೊಂಡೆ.

“ಅಜ್ಜ,” ಎಂದಳು ಮೊಮ್ಮಗಳು, ಇಂಗ್ಲಿಷಿನಲ್ಲಿ, “ಇದರಲ್ಲಿ ಮೊಸಳೆ ಉಂಟಾ?” ನಾಲ್ಕು ವರ್ಷದವಳಿದ್ದಾಗ ಊರಿಗೆ ಬಂದಿದ್ದವಳನ್ನು ಅನಂತಪುರದ ಕೆರೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬಬಿಯಾ ಮೊಸಳೆಯನ್ನು ತೋರಿಸಿದ್ದೆ. ೨೦೨೨ರಲ್ಲಿ ಬಬಿಯಾ ಸತ್ತದ್ದು ಅವಳಿಗೆ ಗೊತ್ತಿಲ್ಲ. ಇಲ್ಲ, ಇಲ್ಲಿ ಮೊಸಳೆ ಇಲ್ಲ, ಎಂದೆ. ಮತ್ತೆ ನೀರು ತೋರಿಸಿ, “ಕೆರೆ,” ಎಂದೆ. ಮೂವತ್ತೊಂಬತ್ತು ಕಿಲೋಮೀಟರಿನ ನೀರಿಗೆ ಅದು ಸಣ್ಣ ಶಬ್ದ. ಆದರೆ ‘ಸರೋವರ’ ಅವಳ ನಾಲಿಗೆಗೆ ಭಾರ. “ಕೆರೆ,” ಎಂದಳು ಅವಳು. ಅಷ್ಟರಲ್ಲಿ ಹಿಂದಿನಿಂದ ಬಂದ ಅಳಿಯ, “ಕುಳಂ,” ಎಂದ. ಅವಳು “ಕುಲಂ” ಎಂದಳು. ನಾವಿಬ್ಬರೂ ಒಟ್ಟಿಗೆ ತಿದ್ದಿದೆವು. ಇಂಗ್ಲಿಷಿನಲ್ಲಿ ‘ಳ’ ಇಲ್ಲ. ನಮ್ಮಿಬ್ಬರ ಭಾಷೆಯಲ್ಲೂ ಇದೆ.

ಈಗ ಪ್ರತಿ ಭಾನುವಾರ ನಮಗೆ ರಾತ್ರಿಯಾದಾಗ ಅವಳಿಗೆ ಬೆಳಗಾಗುತ್ತದೆ. ಫೋನಿನಲ್ಲಿ ಅರ್ಧ ಗಂಟೆ ಪಾಠ. ಮೊದಲ ಹದಿನೈದು ನಿಮಿಷ ನನ್ನದು, ಮತ್ತೆ ಹದಿನೈದು ನಿಮಿಷ ಕಣ್ಣೂರಿನ ಅಚ್ಚಮ್ಮನದು. ಮಗಳು ಪಕ್ಕದಲ್ಲಿ ಕೂತು ತಾನೂ ಬರೆಯುತ್ತಾಳೆ. ಅಮ್ಮನ ಅಡಿಗೆ ಪುಸ್ತಕವೇ ನಮ್ಮ ಪಾಠಪುಸ್ತಕ. ಕೂಡಕ್ಷರಗಳಿಗೆ ಅದರಲ್ಲಿ ಕೊರತೆಯಿಲ್ಲ. ಉಪ್ಪು, ಬೆಲ್ಲ, ಕೊತ್ತಂಬರಿ, ಮಜ್ಜಿಗೆ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಮಕ್ಕಳಿಗೆ ಬೇಸರ ಬರುವುದು ಬೇಗ.

‘ಳ’ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಒಂದು ಭಾನುವಾರ ಅಲ್ಲಿ ಮಳೆ ಬರುತ್ತಿತ್ತು. ಕಿಟಕಿಯತ್ತ ಕೈ ತೋರಿಸಿ, “ಅಜ್ಜ, ಮಲೆ!” ಎಂದಳು. ಅವಳ ಕಿಟಕಿಯಿಂದ ಬೆಟ್ಟವೂ ಕಾಣುತ್ತದೆ. ಹಾಗಾಗಿ ಅಂದು ತಿದ್ದಲಿಲ್ಲ. ಮುಂದಿನ ವಾರ ತಿದ್ದಿದೆ.